ಒಂದು ಸಂಚಿಕೆಗೆ ಹನ್ನೊಂದು ಮಾತು

ನನ್ನ ಮೊದಲ ಬರಹವನ್ನು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವರು ನಿಂತಲ್ಲೇ ಓದಿ ನನ್ನ ಕೈಗೇ ವಾಪಸ್ಸು ಕೊಟ್ಟರು. ಆ ವಾರಪತ್ರಿಕೆಗೆ ಸಂಪಾದಕರೂ ಪ್ರೆಸ್ಸಿನ ಮಾಲೀಕರೂ ಒಬ್ಬರೇ. ಆ ಮಾಲೀಕರು ಆಗಲೇ ಒಪ್ಪಿ ಸಹಿ ಹಾಕಿದ್ದ ಬರಹ ಅದು. ಮೊಳೆ ಜೋಡಿಸುವ ಮನುಷ್ಯ ಅದನ್ನು ಬೇಡ ಅನ್ನುವುದೆಂದರೆ ಏನು! ನನಗೆ ಮೈಯೆಲ್ಲ ಉರಿದುಹೋಯಿತು.

“ಮೇಷ್ಟ್ರೇ, ಇದರಾಗೆ ಇಪ್ಪತ್ತು ಜನ ಮಾತಾಡಿದಾರೆ,” ಅಂದರು. “ನನ್ನತ್ರ ಹನ್ನೊಂದು ಜನಕ್ಕೆ ಆಗೋವಷ್ಟೇ ಐತೆ. ಉಳಿದ ಒಂಬತ್ತು ಜನನ್ನ ಸುಮ್ನೆ ಕುಂದ್ರಿಸಿಕೊಂಡು ಬರ್ರಿ.”

ಎಪ್ಪತ್ತರ ದಶಕದ ನಡುಭಾಗ. ನಾನು ನ್ಯಾಮತಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ವಯಸ್ಸು ಮೂವತ್ತೂ ಆಗಿರಲಿಲ್ಲ, ಜಂಭ ಮಾತ್ರ ನಾಲ್ಕು ಜನಕ್ಕೆ ಹಂಚುವಷ್ಟಿತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿ ಹೊನ್ನಾಳಿಗೆ ಹೋಗಿ, ಅಲ್ಲಿಂದ ಹೊರಡುತ್ತಿದ್ದ ಆ ಪತ್ರಿಕೆಗೆ ಬೇರೆ ಹೆಸರಿನಲ್ಲಿ ಬರೆದು ಕೊಡುತ್ತಿದ್ದೆ. ಸರ್ಕಾರಿ ಸಂಬಳದವನು ಅನುಮತಿಯಿಲ್ಲದೆ ಪತ್ರಿಕೆಗೆ ಬರೆಯುವಂತಿರಲಿಲ್ಲ. ಗೊತ್ತಾದರೆ ಕೆಲಸಕ್ಕೇ ಸಂಚಕಾರ.

ಹನ್ನೊಂದರ ಲೆಕ್ಕವನ್ನು ಅವರು ಮೊಳೆಗಳನ್ನು ಅಂಗೈಯಲ್ಲಿಟ್ಟು ತೋರಿಸಿಕೊಟ್ಟರು. ಯಾರಾದರೂ ಆಡಿದ ಮಾತನ್ನು ಅಚ್ಚಿನಲ್ಲಿ ತೋರಿಸಲು ಮೊದಲಿಗೊಂದು ಗುರುತು, ಕೊನೆಗೊಂದು ಗುರುತು ಬೇಕಲ್ಲ, ಶಾಲೆಯಲ್ಲಿ ನಾವು ಉದ್ಧರಣ ಚಿಹ್ನೆ ಎಂದು ಹೇಳಿಕೊಡುವುದು, ಪ್ರೆಸ್ಸಿನಲ್ಲಿ ಅದರ ಹೆಸರು ಇನ್ವರ್ಟೆಡ್. ಶುರುವಿನ ಗುರುತಿಗೆ ತಾಪತ್ರಯವಿಲ್ಲ. ಎರಡು ಕಾಮಾ ಮೊಳೆಗಳನ್ನು ತಲೆಕೆಳಗು ಮಾಡಿ ನಿಲ್ಲಿಸಿದರೆ ಆಯಿತು, ಕಾಮಾ ಬೇಕಾದಷ್ಟಿದ್ದವು. ಮುಗಿಯುವ ಗುರುತಿಗೆ ಮಾತ್ರ ಕಾಮಾ ನಡೆಯುವುದಿಲ್ಲ. ನೆಟ್ಟಗೆ ಇಟ್ಟರೆ ಅದು ಸಾಲಿನ ಬುಡದಲ್ಲಿ ಕೂರುತ್ತದೆ. ಸಾಲಿನ ತಲೆಯ ಹತ್ತಿರ ಕೂರಬೇಕಾದರೆ ಬೇರೆಯೇ ಮೊಳೆ ಬೇಕು, ಅದು ಇಂಗ್ಲಿಷ್ ಅಕ್ಷರಗಳ ಜೊತೆಗೆ ಬರುವಂಥದ್ದು. ಸವೆದದ್ದು ಮುರಿದದ್ದು ಬಿಟ್ಟರೆ ಅಂಥವು ಆ ಪ್ರೆಸ್ಸಿನಲ್ಲಿದ್ದದ್ದು ಹನ್ನೊಂದೇ ಜೊತೆ. ಪತ್ರಿಕೆ ಅಚ್ಚಾಗಿ, ಪುಟ ಬಿಚ್ಚಿ, ಮೊಳೆ ಖಾನೆಗೆ ಮರಳುವವರೆಗೆ ಅವು ಮತ್ತೆ ಸಿಗುತ್ತಿರಲಿಲ್ಲ. ಇನ್ನಷ್ಟು ತರಿಸಿ ಎಂದರೆ ಮಾಲೀಕರು “ನೋಡೋಣ, ನೋಡೋಣ” ಎನ್ನುತ್ತಿದ್ದರು. ಹೀಗಾಗಿ ವಾರಕ್ಕೆ ಹನ್ನೊಂದು ಮಾತು. ಯಾರ ಮಾತು ಎಂದು ಆರಿಸುತ್ತಿದ್ದವರು ಇವರು.

ಊರವರು ಅವರನ್ನು ಅಣ್ಣಾರು ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಜಗಳೂರು ತಾಲ್ಲೂಕಿನ ಬಿಳಿಚೋಡು ಕಡೆಯವರು, ಕುರಿ ಮೇಯಿಸುವವರ ಮನೆಯಲ್ಲಿ ಹುಟ್ಟಿದವರು. ಒಣಕಲು ಮೈ, ಕಿವಿಗೆ ದಾರ ಕಟ್ಟಿದ ಕನ್ನಡಕ, ಸೀಸದಿಂದ ಕಪ್ಪಾಗಿ ಇನ್ನು ಬೆಳ್ಳಗಾಗಲಾರದ ಹೆಬ್ಬೆರಳು. ಮೊಳೆ ಸರಿಯಾಗಿ ಮುಖ ಮಾಡಿದೆಯೋ ಇಲ್ಲವೋ ಎಂದು ಆ ಹೆಬ್ಬೆರಳಿನಿಂದಲೇ ಸವರಿ ತಿಳಿದುಕೊಳ್ಳುತ್ತಿದ್ದರು, ಬಗ್ಗಿ ನೋಡಿದ್ದನ್ನು ನಾನು ಕಂಡಿಲ್ಲ. ಕೆಲಸ ಬಿಡುವ ಹೊತ್ತಿಗೆ ಸೀಗೆಪುಡಿ ಹಚ್ಚಿ ಕೈ ತಿಕ್ಕಿ ತೊಳೆದು, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಮನೆಗೆ ಹೊರಡುವರು. ಸೀಸದ ನಂಜಿಗೆ ಬೆಲ್ಲ ಒಳ್ಳೆಯದು ಎಂದು ಅವರಿಗೆ ಯಾರೋ ಹೇಳಿದ್ದರು.

ಇಲ್ಲದ ಗುರುತು ಹುಟ್ಟಿಸುವುದರಲ್ಲಿ ಅವರು ಪಳಗಿದವರು. ನಮ್ಮ ಶಾಲೆಯ ವಿಜ್ಞಾನದ ಪ್ರಶ್ನೆಪತ್ರಿಕೆಗೆ ಉಷ್ಣತೆ ತೋರಿಸುವ ಡಿಗ್ರಿ ಸೊನ್ನೆ ಬೇಕಾಗಿತ್ತು. ತೀರ ಸಣ್ಣ ಅಕ್ಷರದ ಸೊನ್ನೆಯೊಂದನ್ನು ಹುಡುಕಿ, ಬುಡ ಅರದಿಂದ ಉಜ್ಜಿ, ಮೇಲೆ ಕೆಳಗೆ ಕಾಗದದ ಚೂರು ತುರುಕಿ ಕೂರಿಸಿಯೇಬಿಟ್ಟರು. ಚನ್ನಗಿರಿಯ ವಕೀಲರೊಬ್ಬರು ಏನೇನೋ ಕಾಯ್ದೆಯ ಗುರುತು ಕೇಳಿದಾಗಲೂ ಹಾಗೆಯೇ ಏನೋ ಮಾಡಿಕೊಟ್ಟರು. ಮುಚ್ಚುವ ಇನ್ವರ್ಟೆಡ್ ಮಾತ್ರ ಹಾಗೆ ಮಾಡಿಕೊಳ್ಳಬಾರದೇ ಎಂದು ಒಮ್ಮೆ ಕೇಳಿದೆ. “ಮಾಡಬೋದು ಮೇಷ್ಟ್ರೇ. ಕಮ್ಮಿ ಇದ್ರೆ ನಿಮ್ಮಂಥೋರು ಒಸಿ ಯೋಚನೆ ಮಾಡಿ ಬರೀತೀರಿ,” ಎಂದು ನಕ್ಕರು.

ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಉದ್ಧರಣದೊಳಗಿನ ಮಾತು ಬಂದ ಕೂಡಲೇ, ಮೊಳೆಗಳನ್ನು ಸಾಲಾಗಿ ಜೋಡಿಸಿಕೊಳ್ಳುವ ಸ್ಟಿಕ್ಕನ್ನು ಪಕ್ಕಕ್ಕಿಟ್ಟು ಆ ಮಾತನ್ನು ಬಾಯಿಬಿಟ್ಟು ಆಡಿ ನೋಡುವರು, ಅದೂ ಆಡಿದವರ ಧಾಟಿಯಲ್ಲಿ. ಮುದುಕಿಯ ಮಾತಾದರೆ ಮುದುಕಿಯ ಹಾಗೆ, ಸಾಹೇಬರದಾದರೆ ಸಾಹೇಬರ ಹಾಗೆ. ಸಲೀಸಾಗಿ ಬಂದರೆ “ಬಾಯಾಗೆ ಕುಂತ್ಕಂತು” ಎಂದು ಮೊಳೆಗೆ ಕೈ ಹಾಕುವರು. ಬರದಿದ್ದರೆ ನಮ್ಮ ಕಡೆ ತಿರುಗಿ “ಇದು ಬಾಯಾಗೆ ಕುಂದ್ರವಲ್ದು. ನೀವು ಕಿವಿಯಾರೆ ಕೇಳಿದ್ರಾ?” ಎನ್ನುವರು. ಇಲ್ಲ ಅಂದಿರೋ, ಗುರುತು ಕಿತ್ತು ಬರೀ ವರದಿಯ ಸಾಲಾಗಿ ಜೋಡಿಸುವರು.

ಒಬ್ಬ ಪುಢಾರಿಯ ಕಡೆಯವನು ಮೂರು ಹಾಳೆ ಭಾಷಣ ತಂದು ಪೂರ್ತಿ ಇನ್ವರ್ಟೆಡ್‌ನಲ್ಲೇ ಬರಬೇಕು ಎಂದು ಕೂತ. ಅಣ್ಣಾರು ಶಾಂತವಾಗಿ, “ಬರೆದೋರು ನೀವು, ಓದಿದೋರು ಅವರು. ಮಾತು ಯಾರ್ದು ಅಂತ ಹಾಕ್ಲಿ ಸ್ವಾಮೀ?” ಎಂದರು. ಅವನು ಮಾಲೀಕರ ಹತ್ತಿರ ಕೂಗಾಡಿ ಹೋದ. ಅದೇ ವಾರ ಬಿಳಿಚೋಡಿನಿಂದ ಒಬ್ಬ ಮುದುಕ ಕುರಿ ಕಳೆದಿವೆ ಎಂದು ಪತ್ರಿಕೆಗೆ ಹಾಕಿಸಲು ಅಷ್ಟು ದೂರ ಬಂದಿದ್ದ. ಅವನ ಮಾತನ್ನು ಅಣ್ಣಾರು ಎದುರಿಗೆ ಕೂರಿಸಿಕೊಂಡು ಕೇಳಿ, ಒಂದಕ್ಷರ ತಿದ್ದದೆ, “ಮೂರು ಕುರಿ ಕಳೆದಾವೆ, ಮೂತಿ ಕರ್ರಗೆ. ಹೆಸರು ಹಿಡಿದು ಕೂಗಿದ್ರೆ ನಿಂತು ನೋಡ್ತಾವೆ” ಎಂದು ಗುರುತು ಹಾಕಿ ಅಚ್ಚು ಮಾಡಿದರು. ಕುರಿ ಸಿಕ್ಕವೋ ಇಲ್ಲವೋ ಗೊತ್ತಿಲ್ಲ. ಮುದುಕ ಮಾತ್ರ ಪತ್ರಿಕೆಯನ್ನು ಮಡಿಸಿ ರುಮಾಲಿನೊಳಗೆ ಇಟ್ಟುಕೊಂಡು ಹೋದ.

ಇಂಥವರಿಗೆ ನಾನು ಮೋಸ ಮಾಡಿದೆ. ಅದನ್ನು ಹೇಳದೆ ಅವರ ಬಗ್ಗೆ ಒಳ್ಳೆಯ ಮಾತು ಎಷ್ಟು ಬರೆದರೂ ನನಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಬಸವಾಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ ಹೆಂಗಸರಿಗೆ ಸಂತಾನ ನಿಯಂತ್ರಣದ ಆಪರೇಷನ್ ಕ್ಯಾಂಪು ನಡೆದಿತ್ತು. ರಜೆಯ ದಿನ ಹೋಗಿ ವಿಚಾರಿಸಿದೆ. ಅಲ್ಲಿನ ನರ್ಸಮ್ಮ ಇಪ್ಪತ್ತೈದು ಇಪ್ಪತ್ತಾರರ ಹೆಣ್ಣುಮಗಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ತವರಿನ ಇಡೀ ಮನೆ ಅವರ ಸಂಬಳದ ಮೇಲೆ ನಿಂತಿತ್ತು. ಆದರೂ ಹೆದರದೆ ಹೇಳಿದರು: “ಹದಿನಾಲ್ಕು ಹೆಣ್ಮಕ್ಕಳು ರೀ. ಹಾಸಾಕೆ ಒಂದು ಚಾಪೆ ಇರ್ಲಿಲ್ಲ. ಬರೀ ಕಲ್ಲಿನ ಮ್ಯಾಲೆ ನನ್ನ ಸೀರೆ ಹಾಸಿ ಮಲಗಿಸ್ದೆ. ಬರ್ಕೊಳ್ರಿ, ಇದರಾಗೆ ಸುಳ್ಳೇನೈತೆ?”

ಸಾಕಾಗಿತ್ತು, ಅಷ್ಟೇ ಬರೆದಿದ್ದರೆ. ನನಗೆ ಖಾರ ಸಾಲಲಿಲ್ಲ. ಅವರ ಮಾತಿನ ಬೆನ್ನಿಗೆ, ಅದೇ ಗುರುತಿನೊಳಗೆ, ನನ್ನದೇ ಒಂದು ಸಾಲು ಸೇರಿಸಿದೆ: “ಮಂಜೂರಾದ ಕಂಬಳಿಗಳು ಯಾವ ದೊಡ್ಡವರ ಮಂಚ ಸೇರಿದವೋ ಅವರೇ ಹೇಳಬೇಕು.” ಕಂಬಳಿ ಮಂಜೂರಾಗಿತ್ತೋ ಇಲ್ಲವೋ, ಅದೂ ನನಗೆ ಗೊತ್ತಿರಲಿಲ್ಲ.

ಅಣ್ಣಾರು ಎಂದಿನಂತೆ ಬಾಯಿಬಿಟ್ಟು ಆಡಿ ನೋಡಿದರು. “ಸೀರೆ ಹಾಸಿದ್ದು ಬಾಯಾಗೆ ಕುಂತ್ಕಂತು. ಈ ಕಂಬಳಿ ಮಾತು ಕುಂದ್ರವಲ್ದು. ಇದು ನಿಮ್ಮ ಥರ ಐತೆ ಮೇಷ್ಟ್ರೇ. ಆಯಮ್ಮ ಅಂದಳಾ?”

“ಅಂದರು. ನನ್ನ ಎದುರಿಗೇ ಅಂದದ್ದು,” ಎಂದೆ.

“ಕಿವಿಯಾರೆ?”

“ಅಯ್ಯೋ, ಎಷ್ಟು ಸಲ ಹೇಳಬೇಕು ಅಣ್ಣಾರೇ? ಹೊತ್ತಾಯಿತು, ಬಸ್ಸು ತಪ್ಪುತ್ತದೆ.”

ಅವರು ಮತ್ತೇನೂ ಕೇಳಲಿಲ್ಲ. ಮೇಷ್ಟ್ರು ಸುಳ್ಳು ಹೇಳಲಾರರು ಎಂದುಕೊಂಡಿರಬೇಕು. ಕಂಬಳಿಯ ಸಾಲಿನ ಕೊನೆಗೆ ಮುಚ್ಚುವ ಗುರುತು ಬಿತ್ತು.

ಪತ್ರಿಕೆ ಹೊರಬಿದ್ದ ಮೂರ್ನಾಲ್ಕು ದಿನಕ್ಕೆ ಚನ್ನಗಿರಿಯ ಆರೋಗ್ಯ ಇಲಾಖೆಯ ಸಾಹೇಬರೊಬ್ಬರು ನರ್ಸಮ್ಮನಿಗೆ ನೋಟಿಸು ಕೊಟ್ಟರು. ಮೇಲಿನವರ ಮೇಲೆ ಕಳ್ಳತನ ಹೊರಿಸಿದ್ದಕ್ಕೆ ಕೆಲಸದಿಂದ ಯಾಕೆ ತೆಗೆಯಬಾರದು ಎಂದು. ಶನಿವಾರ ನಾನು ಪ್ರೆಸ್ಸಿನಲ್ಲಿದ್ದಾಗಲೇ ನರ್ಸಮ್ಮ ಪತ್ರಿಕೆ ಹಿಡಿದು ಒಳಗೆ ನುಗ್ಗಿದರು. ಮಾಲೀಕರು ಇರಲಿಲ್ಲ. ನನ್ನನ್ನು ನೋಡಿದ್ದೇ, “ನೀವೇ ಅಲ್ವೇನ್ರೀ ಬಂದಿದ್ದು? ಕಂಬಳಿ ಸುದ್ದಿ ನಾನು ಎತ್ತಿದ್ನಾ? ನನ್ನ ಮುಖ ನೋಡಿ ಹೇಳ್ರಿ, ನಾನು ಹಿಂಗಂದ್ನಾ?” ಎಂದರು.

ಹೌದು ಎಂದರೆ ಆ ಹೆಣ್ಣುಮಗಳ ಕೆಲಸ ಹೋಗುತ್ತದೆ. ನಾನೇ ಸೇರಿಸಿದ್ದು ಎಂದರೆ ವಿಚಾರಣೆಯಲ್ಲಿ ನನ್ನ ಹೆಸರು ಬರುತ್ತದೆ, ನನ್ನ ಕೆಲಸ ಹೋಗುತ್ತದೆ. ನಾನು ಕಂಬದ ಹಾಗೆ ನಿಂತೆ. ಅಣ್ಣಾರು ಒಂದೇ ಸಲ ನನ್ನ ಮುಖ ನೋಡಿದರು. ಅವರಿಗೆ ಎಲ್ಲವೂ ಆಗಲೇ ಅರ್ಥವಾಯಿತು.

“ಮೇಷ್ಟ್ರು ಸರಿಯಾಗೇ ಬರೆದಿದ್ರು ತಾಯಿ,” ಎಂದರು. “ನಿಮ್ಮ ಮಾತು ಸೀರೆ ಹಾಸಿದ್ದಕ್ಕೇ ಮುಗಿದಿತ್ತು. ಕಂಬಳಿದು ಪತ್ರಿಕೆ ಮಾತು. ನಾನು ಮುಚ್ಚೋ ಗುರುತು ಒಂದು ಸಾಲು ಮುಂದಕ್ಕೆ ಹಾಕ್ಬಿಟ್ಟೆ. ತಪ್ಪು ನಂದು.”

ನರ್ಸಮ್ಮ ನನ್ನ ಕಡೆ ತಿರುಗಿದರು. “ಹೌದಾ?”

ನಾನು ತಲೆಯಾಡಿಸಿದೆ. ಹೌದು, ಆಡಿಸಿದೆ.

ಆಮೇಲೆ ಅವರು ಅಣ್ಣಾರನ್ನು ಬೈದ ಬೈಗುಳ ಅಷ್ಟಿಷ್ಟಲ್ಲ. “ಒಂದು ಮೊಳೆ ನೋಡಿ ಇಡಾಕಾಗ್ದೋನು ಯಾಕಯ್ಯಾ ಈ ಕೆಲಸ ಮಾಡ್ತೀಯ? ನನ್ನ ಮನೆ ಹಾಳು ಮಾಡ್ಬಿಟ್ಯಲ್ಲೋ! ನಿನ್ನ ಕೈ ಸೇದಿಹೋಗ!” ಎಂದು ಅಳುತ್ತಲೇ ಕೂಗಿದರು. ತಂದೆಯ ವಯಸ್ಸಿನ ಮನುಷ್ಯ ತಲೆ ಬಗ್ಗಿಸಿ, ಆ ಕಪ್ಪು ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ನಾನು ಪಕ್ಕದಲ್ಲೇ ಇದ್ದೆ.

ಅವರು ಹೋದ ಮೇಲೆ ಅಣ್ಣಾರು ಗೋಡೆಯ ತಂತಿಗೆ ಚುಚ್ಚಿದ್ದ ಹಸ್ತಪ್ರತಿಗಳಲ್ಲಿ ನನ್ನ ಹಾಳೆ ಹುಡುಕಿ ತೆಗೆದು ಕೈಗೆ ಕೊಟ್ಟರು. “ಹರಿದು ಹಾಕ್ರಿ. ನಾಳೆ ಯಾರಾದ್ರೂ ಕೇಳಿದ್ರೆ ಇದು ಸಿಗಬಾರದು.” ನಾನು ಅಲ್ಲೇ ಹರಿದೆ. ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

“ಯಾಕೆ ಹೀಗೆ ಮಾಡಿದಿರಿ?” ಎಂದು ಕೇಳಿದೆ.

“ಮತ್ತೆ ಹೆಂಗೆ ಮಾಡ್ಬೇಕಿತ್ತು? ಆಯಮ್ಮಂದೂ ಸರ್ಕಾರಿ ಕೆಲಸ, ನಿಮ್ದೂ ಸರ್ಕಾರಿ ಕೆಲಸ. ನಾನು ಎಲ್ಲಿ ಬೇಕಾದ್ರೂ ಮೊಳೆ ಜೋಡಿಸ್ಕೊಂಡಿರ್ತೀನಿ.” ಮತ್ತೆ ಹೇಳಿದರು: “ಆದ್ರೆ ಮೇಷ್ಟ್ರೇ, ಈ ಗಲಾಟೆ ತಣ್ಣಗಾದ ಮ್ಯಾಲೆ ಆಯಮ್ಮನತ್ರ ಹೋಗಿ ಇದ್ದದ್ದು ಇದ್ದಂಗೆ ಹೇಳ್ರಿ. ಊರಿಗೆಲ್ಲ ಬ್ಯಾಡ. ಆಯಮ್ಮ ಒಬ್ಬಳಿಗೆ ಗೊತ್ತಾದ್ರೆ ಸಾಕು. ಇಷ್ಟು ವರ್ಷದಾಗೆ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಸೇರಿಸಿದೋನಲ್ಲ ನಾನು.”

“ಖಂಡಿತ ಹೇಳುತ್ತೇನೆ,” ಎಂದೆ.

ಅಣ್ಣಾರು ಮಾಲೀಕರ ಜೊತೆ ಚನ್ನಗಿರಿಗೆ ಹೋಗಿ ಸಾಹೇಬರ ಮುಂದೆ ಹಾಗೆಯೇ ಬರೆದುಕೊಟ್ಟರು. ಮುಂದಿನ ಸಂಚಿಕೆಯಲ್ಲಿ ತಪ್ಪೊಪ್ಪಿಗೆ ಬಂತು: ಆ ಮಾತು ದಾದಿಯವರದಲ್ಲ, ಮೊಳೆ ಜೋಡಣೆಯ ತಪ್ಪು, ವಿಷಾದಿಸುತ್ತೇವೆ. ಅದನ್ನು ಜೋಡಿಸಿದ್ದೂ ಅವರೇ. ನೋಟಿಸು ವಾಪಸ್ಸಾಯಿತು, ನರ್ಸಮ್ಮನ ಕೆಲಸ ಉಳಿಯಿತು. ಸಾಹೇಬರ ಸಿಟ್ಟಿಗೆ ಹೆದರಿದ್ದ ಮಾಲೀಕರು “ಇವರಿಗೆ ಕಣ್ಣು ಮಂಜಾಗಿದೆ” ಎಂದು ಎಲ್ಲರೆದುರು ಹೇಳಿ ಅಣ್ಣಾರನ್ನು ಕೆಲಸದಿಂದ ಬಿಡಿಸಿದರು. ಅವರು ಎದುರಾಡಲಿಲ್ಲ. ಕನ್ನಡಕ ಒರೆಸಿಕೊಂಡು, ತಮ್ಮ ಸ್ವಂತದ ಚಿಮುಟ ಒಂದನ್ನು ಜೇಬಿಗೆ ಹಾಕಿಕೊಂಡು, ಹೆಂಡತಿಯನ್ನು ಕರೆದುಕೊಂಡು ಜಗಳೂರಿಗೆ ಹೊರಟುಹೋದರು.

ನಾನು ನರ್ಸಮ್ಮನ ಹತ್ತಿರ ಹೋಗಲಿಲ್ಲ. ಈ ತಿಂಗಳು ಪರೀಕ್ಷೆ, ಮುಂದಿನ ತಿಂಗಳು ಮನೆಯಲ್ಲಿ ಮದುವೆ, ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತಂತೆ ಎಂಬ ನೆವ. ನೆವಕ್ಕೇನು ಬರಗಾಲ? ಪತ್ರಿಕೆಗೆ ಬರೆಯುವುದನ್ನು ಬಿಟ್ಟೆ. ಅಷ್ಟರಿಂದಲೇ ಪ್ರಾಯಶ್ಚಿತ್ತವಾಯಿತು ಎಂದುಕೊಂಡೆ.

ಎಂಬತ್ತರ ದಶಕದ ಮೊದಲಲ್ಲಿ ಶಾಲೆಯ ಕೆಲಸದ ಮೇಲೆ ಜಗಳೂರಿಗೆ ಹೋಗಬೇಕಾಯಿತು. ಬಸ್ ನಿಲ್ದಾಣದ ಹಿಂದಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಣ್ಣಾರು ಸಿಕ್ಕರು. ಇನ್ನಷ್ಟು ಒಣಗಿದ್ದರು. ನನ್ನನ್ನು ನೋಡಿ ಮುಖ ಅರಳಿತು. “ಬರ್ರಿ ಮೇಷ್ಟ್ರೇ, ಬರ್ರಿ!” ಎಂದು ಸ್ಟೂಲು ಒರೆಸಿ ಕೂರಿಸಿ ಟೀ ತರಿಸಿದರು. ಅಲ್ಲಿ ಅಚ್ಚಾಗುತ್ತಿದ್ದದ್ದು ಲಗ್ನಪತ್ರಿಕೆ, ರಸೀತಿ ಪುಸ್ತಕ, ಸಂತೆ ಸುಂಕದ ಚೀಟಿ. “ಇಲ್ಲಿ ಯಾರೂ ಮಾತಾಡಲ್ಲ ನೋಡ್ರಿ. ಇನ್ವರ್ಟೆಡ್ ಹುಡುಕೋ ಕೆಲಸಾನೇ ಇಲ್ಲ,” ಎಂದರು.

ಟೀ ಮುಗಿಯುವವರೆಗೆ ಕಾದು, ಬೇರೆ ಕಡೆ ನೋಡುತ್ತ, ಮೆಲ್ಲಗೆ ಕೇಳಿದರು: “ಆಯಮ್ಮಂಗೆ ಹೇಳಿದ್ರಾ?”

ಇಲ್ಲ ಎನ್ನುವ ಧೈರ್ಯ ಎಲ್ಲಿಂದ ತರಲಿ? “ಹ್ಞೂಂ, ಹೇಳಿದೆ,” ಎಂದುಬಿಟ್ಟೆ.

ಅವರು ತಟ್ಟನೆ ತಿರುಗಿದರು. “ಏನಂದಳು?”

ಅಲ್ಲಿಗೇ ನಿಲ್ಲಬಹುದಿತ್ತು. ನನ್ನ ಹಾಳು ಬಾಯಿ ನಿಲ್ಲಲಿಲ್ಲ. “‘ಅಯ್ಯೋ, ಅಂಥ ದೊಡ್ಡ ಮನುಷ್ಯನ್ನ ಬೈದುಬಿಟ್ಟೆನಲ್ರೀ’ ಅಂದರು,” ಎಂದೆ.

ಅಣ್ಣಾರು ಕೈಯಲ್ಲಿದ್ದ ಸ್ಟಿಕ್ಕನ್ನು ಪಕ್ಕಕ್ಕಿಟ್ಟರು. ಆ ಮಾತನ್ನು ತುಟಿಯಲ್ಲೇ ಎರಡು ಸಲ ಅಂದು ನೋಡಿದರು. ನಾನು ನೆಲ ನೋಡುತ್ತ ಕೂತಿದ್ದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. “ಆಗ್ಲಿ ಬಿಡ್ರಿ, ಒಳ್ಳೇದಾತು,” ಎಂದು ಮತ್ತೆ ಕೆಲಸಕ್ಕೆ ತಿರುಗಿದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಐದಾರು ವರ್ಷಗಳ ಮೇಲೆ ನ್ಯಾಮತಿಗೆ ಒಂದು ಕಾರ್ಡು ಬಂತು. ಅಣ್ಣಾರು ತೀರಿಕೊಂಡು ಹತ್ತು ದಿನವಾಗಿತ್ತು. ಅವರ ಹೆಂಡತಿ ಯಾರಿಂದಲೋ ಬರೆಸಿದ್ದರು. ಆ ಕಾರ್ಡನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮೂರನೆಯ ದಿನ ರಜೆ ಹಾಕಿ, ವಿಚಾರಿಸಿಕೊಂಡು, ಕತ್ತಲಗೆರೆಯಲ್ಲಿದ್ದ ನರ್ಸಮ್ಮನ ಮನೆಗೆ ಹೋದೆ.

ಕೆಲಸ ಖಾಯಂ ಆಗಿತ್ತು, ತಲೆಯಲ್ಲಿ ಒಂದೆರಡು ಬಿಳಿ ಕೂದಲು ಬಂದಿದ್ದವು. ಗುರುತು ಹಿಡಿದು ಕೂರಿಸಿದರು. ನಾನು ಕೂತಲ್ಲೇ ಎಲ್ಲ ಹೇಳಿದೆ. ಕಂಬಳಿಯ ಸಾಲು ನನ್ನದು, ಅಣ್ಣಾರದಲ್ಲ, ನಾನು ತಲೆಯಾಡಿಸಿದ್ದು ಸುಳ್ಳು, ಅವರು ಹೋಗಿಬಿಟ್ಟರು. ಜಗಳೂರಿನಲ್ಲಿ ನಾನು ಕಟ್ಟಿದ ಮಾತನ್ನೂ ಬಿಡಲಿಲ್ಲ. ಇಷ್ಟಾದ ಮೇಲೆ ಮುಚ್ಚಿಟ್ಟುಕೊಳ್ಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ನರ್ಸಮ್ಮ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಕೈ ಸೇದಿಹೋಗ ಅಂದಿದ್ದೆ ರೀ ನಾನು,” ಎಂದರು. “ಆ ಸುದ್ದಿ ಎತ್ತಿದಾಗೆಲ್ಲ ಅವರಿಗೆ ಹಿಡಿಶಾಪ ಹಾಕಿದೀನಿ. ಇಷ್ಟು ವರ್ಷ! ಅವರು ಇದ್ದಾಗ ಬರಾಕೆ ನಿಮಗೇನಾಗಿತ್ತು?”

ಅವರು ಎದ್ದು ಕಣ್ಣೊರೆಸಿಕೊಂಡು, ಮಗಳಿಗೆ ಅನ್ನ ಮುಚ್ಚಿಟ್ಟಿರುವುದನ್ನು ಹೇಳಿ, ಚೀಲ ತೆಗೆದುಕೊಂಡರು. “ನಡೀರಿ ಜಗಳೂರಿಗೆ. ಅವರ ಹೆಂಡ್ತಿ ಮುಂದೆ ಇದನ್ನೆಲ್ಲ ನೀವು ಹೇಳ್ಬೇಕು. ನಾನು ಹೇಳಿದ್ರೆ ಆಗಲ್ಲ, ನೀವೇ ಹೇಳ್ಬೇಕು.” ಬಸ್ಸಿನಲ್ಲಿ ಅವರು ನನ್ನಿಂದ ದೂರದ ಸೀಟಿನಲ್ಲಿ ಕೂತರು. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿದಾಗಲೂ ಬೇರೆ ಸೀಟು ಹುಡುಕಿ ಕೂತರು.

ಅಣ್ಣಾರ ಮನೆ ಎಂದರೆ ಒಂದು ಕೋಣೆ, ಒಂದು ಪಡಸಾಲೆ. ಅವರ ಹೆಂಡತಿ ಗೋಡೆಗೊರಗಿ ಕೂತಿದ್ದರು. ನಾನು ನ್ಯಾಮತಿಯ ಮೇಷ್ಟ್ರು, ಇವರು ಚನ್ನಗಿರಿ ಕಡೆಯ ನರ್ಸು ಎಂದೆ. ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಆ ತಾಯಿಯ ಮುಖವೇ ಬದಲಾಯಿತು.

“ನೀವಾ ತಾಯಿ ಅದು!” ಎಂದು ನರ್ಸಮ್ಮನ ಎರಡೂ ಕೈ ಹಿಡಿದುಕೊಂಡರು. “ಹೊನ್ನಾಳಿ ಬಿಟ್ಟ ಮ್ಯಾಲೆ ಆ ಮನುಷ್ಯ ಸರಿಯಾಗಿ ಒಂದು ದಿನ ಉಂಡಿರ್ಲಿಲ್ಲ. ಒಂದಿನ ಪ್ರೆಸ್ಸಿನಿಂದ ಬಂದೋರು ಬಾಗ್ಲಾಗೆ ನಿಂತು, ಮೇಷ್ಟ್ರು ಬಂದಿದ್ರು ಕಣೇ, ಆಯಮ್ಮಂಗೆ ಎಲ್ಲ ಹೇಳಿದಾರಂತೆ ಅಂದ್ರು. ಅಯ್ಯೋ, ಅಂಥ ದೊಡ್ಡ ಮನುಷ್ಯನ್ನ ಬೈದುಬಿಟ್ಟೆನಲ್ರೀ ಅಂದ್ಲಂತೆ ಅಂತ, ನಿಮ್ಮ ಥರಾನೇ ದನಿ ಮಾಡಿ ಅಂದು ತೋರಿಸಿದ್ರು. ಅವತ್ತು ಎರಡು ಸಲ ಅನ್ನ ಹಾಕಿಸ್ಕೊಂಡು ಉಂಡ್ರು. ಸಾಯೋ ಹಿಂದಿನ ದಿನಾನೂ ಅದನ್ನೇ ಅಂದ್ರು. ಹೌದಾ ತಾಯಿ? ನೀವು ಹಂಗಂದ್ರಾ?”

“ಅಮ್ಮಾ, ಅದು...” ಎಂದು ನಾನು ಶುರು ಮಾಡಿದೆ. ನರ್ಸಮ್ಮ ನನ್ನ ಕಡೆ ನೋಡದೆಯೇ ಕೈಯೆತ್ತಿ ತಡೆದರು. ಆ ಮುದುಕಿಯ ಮುಂದೆ ನೆಲದ ಮೇಲೆ ಕೂತರು.

“ಹೌದಮ್ಮಾ,” ಎಂದರು. “ನಾನೇ ಅಂದಿದ್ದು.”